ತಟ್ಟೆ ಬಂತು, ಊಟ ಆಯಿತೇ?

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಒಂದು ಪದ್ಧತಿ ಹಬ್ಬಿತು. ಊಟದ ಹೊತ್ತಿನಲ್ಲಿ ವಾರ್ಡಿಗೆ ಬಿಡುವು ಕೊಡಬೇಕು. ತುರ್ತಿಲ್ಲದಿದ್ದರೆ ಡಾಕ್ಟರ ರೌಂಡ್ಸೂ ಬೇಡ, ರಕ್ತ ತೆಗೆಯುವವರೂ ಬೇಡ. ಜೊತೆಗೆ, ತಾವಾಗಿ ಉಣ್ಣಲಾಗದ ವಯಸ್ಸಾದವರಿಗೆ ಕೆಂಪು ಟ್ರೇ. ಅದನ್ನು ಕಂಡ ಸಿಬ್ಬಂದಿ ಪಕ್ಕದಲ್ಲಿ ಕೂತು ತಿನ್ನಿಸಬೇಕು, ಎಷ್ಟು ಉಳಿಯಿತೆಂದು ನೋಡದೆ ತಟ್ಟೆ ಎತ್ತಬಾರದು.

ಕೇಳುವುದಕ್ಕೆ ಚೆನ್ನ. ಆದರೆ ಆಸ್ಟ್ರೇಲಿಯಾದಲ್ಲಿ ಈ ಬಿಡುವಿನ ಪದ್ಧತಿಯನ್ನು ಪ್ರಯೋಗಕ್ಕೆ ಒಡ್ಡಿದಾಗ ರೋಗಿಗಳು ತಿಂದ ಪ್ರಮಾಣ ಹೇಳಿಕೊಳ್ಳುವಷ್ಟು ಏರಲಿಲ್ಲ. ಅಚ್ಚರಿಯೇನಿಲ್ಲ. ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿದಿದ್ದರೆ, ಉಪ್ಪು ಬಿಡಿಸಿದ ಸಾರು ನಾಲಿಗೆಗೆ ಹತ್ತದಿದ್ದರೆ, ವಾರ್ಡಿನ ನಿಶ್ಶಬ್ದ ಏನು ಮಾಡೀತು?

ಇದಕ್ಕಿಂತ ಗಟ್ಟಿಯಾದ ಉತ್ತರ ಕೊಟ್ಟವರು ಸ್ವಿಟ್ಜರ್ಲೆಂಡಿನವರು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ಆಸ್ಪತ್ರೆಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು, ಬಹುಪಾಲು ವಯಸ್ಸಾದವರು. ಅರ್ಧದಷ್ಟು ಮಂದಿಗೆ ಎಂದಿನ ಊಟ. ಉಳಿದವರಿಗೆ ಡಯೆಟೀಷಿಯನ್ ಒಬ್ಬೊಬ್ಬರ ಲೆಕ್ಕ ಹಾಕಿ, ಒಂದೆರಡು ದಿನಕ್ಕೊಮ್ಮೆ ಬಂದು, ಸಾಲದಿದ್ದರೆ ಊಟ ಬದಲಿಸಿದರು. ತಿಂಗಳೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 10, ಎರಡನೆಯದರಲ್ಲಿ 7. ನನಗೆ ಮುಖ್ಯವೆನಿಸುವುದು ಆ ಎರಡನೇ ಭೇಟಿ. ಮೆನು ಬರೆದು ಹೋಗುವವರು ಎಲ್ಲೆಲ್ಲೂ ಸಿಗುತ್ತಾರೆ, ತಿರುಗಿ ಬಂದು ತಟ್ಟೆ ನೋಡುವವರು ಅಪರೂಪ.

ನಮ್ಮ ವಾರ್ಡುಗಳಲ್ಲಿ ತಿನ್ನಿಸುವ ಕೈಗೆ ಬರವಿಲ್ಲ. ಮಗಳೋ ಸೊಸೆಯೋ ಮಂಚದ ಪಕ್ಕದಲ್ಲೇ ಇರುತ್ತಾಳೆ. ಆದರೆ ಏನು ತಿನ್ನಿಸಬೇಕೆಂದು ಅವಳಿಗೆ ಹೇಳುವವರಿಲ್ಲ. ಹುಷಾರಿಲ್ಲದವರಿಗೆ ಗಂಜಿಯೇ ಸರಿ ಎಂಬ ನಂಬಿಕೆ ಮನೆಯಿಂದಲೇ ಬಂದಿದೆ, ಆಸ್ಪತ್ರೆಯೂ ಅದಕ್ಕೆ ತಲೆದೂಗುತ್ತದೆ. ವಯಸ್ಸಾದವರಿಗೆ ದಿನಕ್ಕೆ ದೇಹತೂಕದ ಕಿಲೋಗೆ ಕನಿಷ್ಠ ಒಂದು ಗ್ರಾಂ ಪ್ರೋಟೀನ್ ಬೇಕೆಂಬುದು ಯುರೋಪಿನ ತಜ್ಞರ ಶಿಫಾರಸು. ಕಾಯಿಲೆಯಲ್ಲಿ ಇನ್ನೂ ಹೆಚ್ಚು ಬೇಕಾದೀತು. ಐವತ್ತು ಕಿಲೋ ತೂಗುವ ಅಜ್ಜಿಗೆ ಐವತ್ತು ಗ್ರಾಂ. ಮೂರು ಲೋಟ ತೆಳು ಅಕ್ಕಿ ಗಂಜಿ, ಎರಡು ಲೋಟ ಹಾಲು ಕುಡಿದರೂ ಇಪ್ಪತ್ತರ ಆಸುಪಾಸು. ಅದೇ ಗಂಜಿಗೆ ಹೆಸರುಬೇಳೆ, ಒಂದು ಚಮಚ ತುಪ್ಪ, ತಿನ್ನುವವರಾದರೆ ಬೇಯಿಸಿದ ಮೊಟ್ಟೆ, ಖರ್ಚೇನೂ ದೊಡ್ಡದಲ್ಲ. (ಕಿಡ್ನಿ ತೊಂದರೆ ಇರುವವರ, ನುಂಗಲು ಕಷ್ಟಪಡುವವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು.)

ಇನ್ನು ಆಪರೇಷನ್ನಿನ ಉಪವಾಸ. ರಾತ್ರಿಯಿಂದ ಬಾಯಿಗೆ ಏನೂ ಹಾಕಬೇಡಿ ಎನ್ನುತ್ತಾರೆ, ಮಧ್ಯಾಹ್ನ ಮೂರಕ್ಕೆ ‘ನಾಳೆಗೆ ಹೋಯಿತು’ ಎನ್ನುತ್ತಾರೆ, ರಾತ್ರಿಯಿಂದ ಮತ್ತೆ ಉಪವಾಸ. ಹಾಸಿಗೆ ಹಿಡಿದ ವೃದ್ಧರ ತೊಡೆಯ ಮಾಂಸಖಂಡ ಹತ್ತೇ ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯಬಲ್ಲದು. ಅಂಥವರಿಗೆ ತಪ್ಪಿದ ಎರಡು ಹೊತ್ತಿನ ಊಟ ಸಣ್ಣ ಮಾತಲ್ಲ. ಆದರೂ ಮೂತ್ರ ಎಷ್ಟು ಹೋಯಿತೆಂದು ಬರೆಯುವ ಕೇಸ್‌ಶೀಟಿನಲ್ಲಿ ಎಷ್ಟು ಉಂಡರೆಂದು ಬರೆಯಲು ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಸಿಸ್ಟರ್ ‘ಊಟ ಆಯ್ತಾ ಅಜ್ಜಿ?’ ಎಂದು ಕೇಳುತ್ತಾರೆ, ಎರಡು ತುತ್ತು ತಿಂದ ಅಜ್ಜಿ ‘ಆಯ್ತವ್ವ’ ಎನ್ನುತ್ತಾಳೆ.

ಸ್ವಿಸ್ ಪ್ರಯೋಗಕ್ಕೂ ಒಂದು ಮಿತಿ ಕಂಡಿತು. ಆರು ತಿಂಗಳು ಕಳೆದು ನೋಡಿದರೆ ಎರಡು ಗುಂಪುಗಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ. ಡಿಸ್ಚಾರ್ಜ್ ಆದಮೇಲೆ ಆ ಆರೈಕೆ ಮುಂದುವರಿಯದಿದ್ದುದು ಅದಕ್ಕೊಂದು ಕಾರಣವಿದ್ದೀತು. ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಮೂರು ಕಾಲಂ. ಊಟಕ್ಕೂ ಅಷ್ಟೇ ಜಾಗ ಕೊಟ್ಟು, ಚೀಟಿಯ ತಲೆಯಲ್ಲಿ ಸೇರುವಾಗಿನ ತೂಕ, ಹೊರಡುವಾಗಿನ ತೂಕ ಎರಡನ್ನೂ ಬರೆಯಲಿ.