ವೃತ್ತಿಯ ಅಂಕಣದಲ್ಲಿ ಕಾಣದ ದುಡಿಮೆ

ಇಂಗ್ಲೆಂಡಿನ ಗ್ರಾಮಜೀವನದ ಅಧ್ಯಯನಕ್ಕೆ 1911ರ ಜನಗಣತಿಯ ಕುಟುಂಬಪತ್ರಗಳು ಪ್ರಮುಖ ಆಕರ. ಆದರೆ ಮನೆಗೆಲಸದಲ್ಲಿಯೇ ತೊಡಗಿದ ಹೆಂಡತಿ, ಹೆಣ್ಣುಮಕ್ಕಳ ವೃತ್ತಿಯನ್ನು ಬರೆಯಬೇಕಿಲ್ಲವೆಂದು ಆ ಪತ್ರದಲ್ಲಿಯೇ ಸೂಚಿಸಲಾಗಿತ್ತು.

ಮರುವರ್ಷ ಜಾರ್ಜ್ ಸ್ಟರ್ಟ್ 'ಜಾರ್ಜ್ ಬೋರ್ನ್' ಎಂಬ ಹೆಸರಿನಲ್ಲಿ ಪ್ರಕಟಿಸಿದ 'ಚೇಂಜ್ ಇನ್ ದ ವಿಲೇಜ್' ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಸರ್ರೆ ಕೌಂಟಿಯ ಫಾರ್ನಮ್ ಬಳಿಯ ಹಳ್ಳಿಯೊಂದು ಇದರ ವಸ್ತು. 1861ರಲ್ಲಿ ಊರಿನ ಸಾಮೂಹಿಕ ಬಯಲು ಖಾಸಗಿ ಒಡೆತನಕ್ಕೆ ಸೇರಿದ ಮೇಲೆ ಉರುವಲು, ಮೇವುಗಳನ್ನು ಹಣ ಕೊಟ್ಟು ಕೊಳ್ಳಬೇಕಾಯಿತು. ಹಿತ್ತಿಲು, ಹಸು, ಹಂದಿಗಳನ್ನು ನೆಚ್ಚಿದ್ದ ಸಂಸಾರಗಳು ಕೂಲಿಯನ್ನೇ ನಂಬಬೇಕಾಯಿತು ಎಂಬುದು ಸ್ಟರ್ಟ್‌ನ ಮುಖ್ಯ ವಾದ. ಗಂಡಸರ ಸಂಬಳ ಸಾಲದೆ ಹೊಲಗೂಲಿಗೆ ಹೋಗುವ ಹೆಂಗಸರೂ ಇಲ್ಲಿದ್ದಾರೆ. ಗಣತಿಯಲ್ಲಿ 'ಕೂಲಿಕಾರ' ಎಂಬ ಒಂದೇ ಪದವಾಗಿ ಉಳಿಯುವವನ ಹಿಂದೆ ಇಷ್ಟು ಚರಿತ್ರೆಯಿದೆ.

ಸ್ಟರ್ಟ್ ಗಾಡಿ ತಯಾರಿಸುವ ಕಾರ್ಖಾನೆಯ ಒಡೆಯ, ಕೂಲಿಕಾರನಲ್ಲ. ಹಳೆಯ ವ್ಯವಸ್ಥೆಯನ್ನು ವರ್ಣಿಸುವಾಗ ಅವನ ಬರವಣಿಗೆ ಹಂಬಲದ ಕಡೆಗೆ ವಾಲುತ್ತದೆ. ಆ ಕಾಲದ ಬಡತನ ಮಸುಕಾಗುತ್ತದೆ. ಈ ಮಿತಿಯನ್ನು ಅರಿತೇ ಕೃತಿಯನ್ನು ಗಣತಿಯೊಡನೆ ಇಟ್ಟು ಓದಬೇಕು. ಗಣತಿ ಮನೆಮಂದಿಯ ಹೆಸರು, ವಯಸ್ಸುಗಳನ್ನು ಕೊಡುತ್ತದೆ. ಕೃತಿ ಅವರು ಬದುಕಿದ ಬಗೆಯನ್ನು ತಿಳಿಸುತ್ತದೆ. ಖಾಲಿ ಬಿಟ್ಟ ಅಂಕಣವನ್ನು ದುಡಿಮೆಯ ಅಭಾವವೆಂದು ಓದುವುದು ಸಂಶೋಧನೆಗೆ ತರವಲ್ಲ.