ತಮ್ಮನ ಓದಿನ ಖಾತೆ

ನಾನು ವಿಮರ್ಶಕನಲ್ಲ. ಬಿ.ಎ. ಮುಗಿಸಿ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಬೇಂಕಿನ ಕೌಂಟರಿನಲ್ಲಿ ಕುಳಿತ ಗುಮಾಸ್ತ. ಪುಸ್ತಕ ಓದುವಾಗಲೂ ಜಮೆ ಎಷ್ಟು, ಖರ್ಚು ಎಷ್ಟು, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವ ಚಾಳಿ ನನ್ನದು. ಆ ಚಾಳಿಯನ್ನೇ ನೆಚ್ಚಿಕೊಂಡು ವರ್ಜೀನಿಯಾ ವುಲ್ಫ್ ಅವರ ಎರಡು ಪುಸ್ತಕಗಳ ಬಗ್ಗೆ ನಾಲ್ಕು ಮಾತು ಬರೆಯಹೊರಟಿದ್ದೇನೆ. ಬಲ್ಲವರು ಕ್ಷಮಿಸಬೇಕು.

ಎಂ.ಎ. ಓದುತ್ತಿರುವ ನನ್ನ ಮಗಳು ಕಳೆದ ವರ್ಷ ಮಹಿಳಾ ಅಧ್ಯಯನದ ವಿಚಾರ ಸಂಕಿರಣವೊಂದಕ್ಕೆ ಹೋಗಿಬಂದಳು. ಹೆಣ್ಣಿಗೆ ಬರೆಯಲು ಸ್ವಂತ ಕೋಣೆ ಬೇಕು ಎಂಬ ಮಾತನ್ನು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೇರೆ ಬೇರೆ ಬಾಯಿಗಳಿಂದ ಕೇಳಿದಳಂತೆ. ಬರುವಾಗ 'ಎ ರೂಮ್ ಆಫ್ ಒನ್ಸ್ ಓನ್' ಪುಸ್ತಕವನ್ನೂ ತಂದಿದ್ದಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಅದನ್ನು ಓದಿದೆ. ಬಳಿಕ ಅದರ ತಂಗಿಯಂತಿರುವ 'ತ್ರೀ ಗಿನೀಸ್' ಪುಸ್ತಕವನ್ನೂ ಓದಿದೆ. ಕೋಣೆಯ ಮಾತು ಎಲ್ಲರಿಗೂ ಗೊತ್ತಿದೆ, ಹಣದ ಮಾತು ಮಾತ್ರ ಮರೆತುಹೋಗಿದೆ ಎಂದು ಆಗ ನನಗೆ ಅನಿಸಿತು.

ಮೊದಲನೆಯ ಪುಸ್ತಕ ಹುಟ್ಟಿದ್ದೇ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಸಭೆಯಲ್ಲಿ. 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್‌ನ ನ್ಯೂನಮ್ ಮತ್ತು ಗರ್ಟನ್ ಎಂಬ ಎರಡು ಮಹಿಳಾ ಕಾಲೇಜುಗಳಲ್ಲಿ ವುಲ್ಫ್ ಉಪನ್ಯಾಸ ಕೊಟ್ಟರು. ಅವನ್ನೇ ಬೆಳೆಸಿ 1929ರಲ್ಲಿ ತಮ್ಮದೇ ಹೋಗಾರ್ತ್ ಪ್ರೆಸ್ಸಿನಿಂದ ಪ್ರಕಟಿಸಿದರು. ಗರ್ಟನ್ 1869ರಲ್ಲಿ ಆರಂಭವಾದ ಕಾಲೇಜು, ನ್ಯೂನಮ್ 1871ರದ್ದು. ಆದರೂ ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಅಂದರೆ ವುಲ್ಫ್ ಅವರ ಮುಂದೆ ಕುಳಿತಿದ್ದ ಹುಡುಗಿಯರು ಪರೀಕ್ಷೆ ಬರೆಯಬಹುದಿತ್ತು, ವಿಶ್ವವಿದ್ಯಾಲಯದ ಪೂರ್ಣ ಸದಸ್ಯರಾಗುವಂತಿರಲಿಲ್ಲ.

ಪುಸ್ತಕದ ನಿರೂಪಕಿ ಹುಲ್ಲುಹಾಸಿನ ಮೇಲೆ ಕಾಲಿಟ್ಟರೆ ಕಾವಲುಗಾರ ಓಡಿಸುತ್ತಾನೆ. ಗ್ರಂಥಾಲಯದ ಬಾಗಿಲಿಗೆ ಹೋದರೆ, ಕಾಲೇಜಿನ ಪ್ರಾಧ್ಯಾಪಕರು ಜತೆಗಿರಬೇಕು ಅಥವಾ ಪರಿಚಯಪತ್ರ ಬೇಕು ಎಂದು ಹಿಂದೆ ಕಳಿಸುತ್ತಾರೆ. ಗಂಡಸರ ಕಾಲೇಜಿನ ಮಧ್ಯಾಹ್ನದೂಟದಲ್ಲಿ ಮೀನು, ಹಕ್ಕಿಮಾಂಸ, ವೈನು. ಹೆಂಗಸರ ಕಾಲೇಜಿನ ರಾತ್ರಿಯೂಟದಲ್ಲಿ ಸಪ್ಪೆ ಸಾರು, ಒಣಹಣ್ಣು, ಕಸ್ಟರ್ಡು. ವುಲ್ಫ್ ಇಲ್ಲಿ ನಿಟ್ಟುಸಿರು ಬಿಟ್ಟು ಸುಮ್ಮನಾಗುವುದಿಲ್ಲ, ಲೆಕ್ಕ ಕೇಳುತ್ತಾರೆ. ನಮ್ಮ ತಾಯಂದಿರು ಯಾಕೆ ಹಣ ಬಿಟ್ಟುಹೋಗಲಿಲ್ಲ? ಹದಿಮೂರು ಮಕ್ಕಳನ್ನು ಹೆತ್ತವಳಿಗೆ ಸಂಪಾದಿಸಲು ಪುರುಸೊತ್ತೆಲ್ಲಿ? ಸಂಪಾದಿಸಿದ್ದರೂ ಆ ದೇಶದಲ್ಲಿ 1882ರ ಕಾಯಿದೆ ಬರುವವರೆಗೆ ವಿವಾಹಿತೆಗೆ ತನ್ನ ಸೊತ್ತಿನ ಮೇಲೆ ಪೂರ್ಣ ಹಕ್ಕಿರಲಿಲ್ಲ. ಸಪ್ಪೆ ಊಟದ ಕಾರಣ ಅಡುಗೆಮನೆಯಲ್ಲಿಲ್ಲ, ಖಾತೆಪುಸ್ತಕದಲ್ಲಿದೆ.

ನಿರೂಪಕಿಗೆ ವರ್ಷಕ್ಕೆ 500 ಪೌಂಡು ಬರುತ್ತದೆ. ಅವಳ ಸೋದರತ್ತೆ ಬೊಂಬಾಯಿಯಲ್ಲಿ ಕುದುರೆ ಸವಾರಿ ಮಾಡುವಾಗ ಬಿದ್ದು ಸತ್ತು, ಬಿಟ್ಟುಹೋದ ಹಣ ಅದು. ಅದಕ್ಕೆ ಮುಂಚೆ ಅವಳು ಪತ್ರಿಕೆಗಳಿಗೆ ಚಿಲ್ಲರೆ ವರದಿ ಬರೆದು, ಲಕೋಟೆಗಳ ಮೇಲೆ ವಿಳಾಸ ಬರೆದು, ಮುದುಕಿಯರಿಗೆ ಪುಸ್ತಕ ಓದಿ ಹೇಳಿ, ಕಾಗದದ ಹೂ ಕಟ್ಟಿ ಬದುಕುತ್ತಿದ್ದಳು. ಹೆಂಗಸರಿಗೆ ಮತದಾನದ ಹಕ್ಕು ಬಂದ ಹೊತ್ತಿಗೇ ಈ ಹಣವೂ ಬಂತು, ಎರಡರಲ್ಲಿ ಹಣವೇ ದೊಡ್ಡದೆನಿಸಿತು ಎಂದು ಸಂಕೋಚವಿಲ್ಲದೆ ಹೇಳುತ್ತಾಳೆ. ಗುಮಾಸ್ತನ ಲೆಕ್ಕದಲ್ಲಿ ಹೇಳುವುದಾದರೆ, ನೂರಕ್ಕೆ ಐದರ ಬಡ್ಡಿಯಲ್ಲಿ ವರ್ಷಕ್ಕೆ 500 ಪೌಂಡು ಬರಬೇಕಾದರೆ ಅಸಲು 10,000 ಪೌಂಡು ಬೇಕು. 'ಸ್ವಂತ ಕೋಣೆ' ಎಂದು ನಾವು ಕವಿತೆಯ ಪ್ರತಿಮೆಯಂತೆ ಆಡುವ ಮಾತಿನ ಬುಡದಲ್ಲಿ ಅಷ್ಟು ದೊಡ್ಡ ಠೇವಣಿ ಇದೆ.

ನನ್ನ ತಕರಾರೂ ಇಲ್ಲಿಯೇ ಇದೆ. ಅತ್ತೆ ಬೊಂಬಾಯಿಯಲ್ಲಿ ಯಾಕಿದ್ದಳು, ಆ ಅಸಲು ಯಾರ ದುಡಿಮೆಯಿಂದ ಕೂಡಿದ್ದು ಎಂದು ವುಲ್ಫ್ ಕೇಳಲಿಲ್ಲ. ಕಾಲೇಜಿನ ಕಟ್ಟಡಗಳಿಗೆ ಚಿನ್ನ ಬೆಳ್ಳಿ ಸುರಿದ ರಾಜರನ್ನೂ ವ್ಯಾಪಾರಿಗಳನ್ನೂ ಹುಡುಕಿ ಹೇಳಿದ ಲೇಖಕಿ ಬೊಂಬಾಯಿಯ ಹೆಸರನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಇದು ಪುಸ್ತಕವನ್ನು ತಳ್ಳಿಹಾಕಲು ಕಾರಣವಲ್ಲ. ಆದರೆ ಭಾರತದಲ್ಲಿ ಕುಳಿತು ಓದುವವರು ಆ ಸಾಲಿನ ಬಳಿ ಸ್ವಲ್ಪ ನಿಲ್ಲಬೇಕು.

1938ರಲ್ಲಿ ಬಂದ 'ತ್ರೀ ಗಿನೀಸ್' ಇನ್ನೂ ನಿಷ್ಠುರವಾದ ಪುಸ್ತಕ. ಯುದ್ಧ ತಡೆಯಲು ಒಂದು, ಮಹಿಳಾ ಕಾಲೇಜಿನ ಕಟ್ಟಡಕ್ಕೆ ಒಂದು, ಹೆಂಗಸರಿಗೆ ಉದ್ಯೋಗ ದೊರಕಿಸುವ ಸಂಘಕ್ಕೆ ಒಂದು ಹೀಗೆ ಸಹಾಯ ಬೇಡಿ ಬಂದ ಮೂರು ಪತ್ರಗಳಿಗೆ ಉತ್ತರದ ರೂಪದಲ್ಲಿದೆ. ಥ್ಯಾಕರೆಯ 'ಪೆಂಡೆನಿಸ್' ಕಾದಂಬರಿಯಿಂದ ವುಲ್ಫ್ ಒಂದು ಮಾತನ್ನು ಎತ್ತಿಕೊಳ್ಳುತ್ತಾರೆ: ಆರ್ಥರನ ವಿದ್ಯಾನಿಧಿ. ಮನೆಮನೆಯಲ್ಲೂ ಗಂಡುಮಗನ ಓದಿಗಾಗಿ ಇಂಥದೊಂದು ನಿಧಿ ಶತಮಾನಗಳಿಂದ ನಡೆದುಬಂದಿದೆ. ಅಕ್ಕತಂಗಿಯರ ಓದು, ತಿರುಗಾಟ, ಸ್ನೇಹ, ಪ್ರತ್ಯೇಕ ಕೋಣೆ ಎಲ್ಲವೂ ಅದರೊಳಗೆ ಜಮೆಯಾಗಿಹೋಗಿವೆ. ಆದುದರಿಂದ ವಿಶ್ವವಿದ್ಯಾಲಯದ ಅದೇ ಕಟ್ಟಡ ಅಣ್ಣನ ಕಣ್ಣಿಗೆ ಒಂದು ಬಗೆ, ತಂಗಿಯ ಕಣ್ಣಿಗೆ ಬೇರೆಯೇ ಬಗೆ ಎಂದು ಅವರು ವಾದಿಸುತ್ತಾರೆ.

ಈ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ನನ್ನ ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಪ್ರಿ-ಡಿಗ್ರಿಯಲ್ಲಿ ಅವಳ ಅಂಕ ನನ್ನದಕ್ಕಿಂತ ಹೆಚ್ಚಿತ್ತು. ಇಬ್ಬರನ್ನು ಓದಿಸುವ ತಾಕತ್ತು ಅಪ್ಪನಿಗಿರಲಿಲ್ಲ. ಯಾರೂ ಕೂತು ತೀರ್ಮಾನ ಮಾಡಿದ್ದು ನೆನಪಿಲ್ಲ. ಅಕ್ಕ ಮನೆಯಲ್ಲಿ ಕೂತು ಬೀಡಿ ಕಟ್ಟತೊಡಗಿದಳು, ನಾನು ಕಾಲೇಜಿಗೆ ಹೋದೆ. ಮೊನ್ನೆ ಮೊನ್ನೆ ಒಂದು ಮದುವೆಗೆ ಹೋಗುವಾಗ ಬಸ್ಸು ನನ್ನ ಕಾಲೇಜಿನ ಮುಂದೆ ಹಾದುಹೋಯಿತು. "ಅಕ್ಕಾ, ಅದೇ ನಮ್ಮ ಕ್ಲಾಸು" ಎಂದು ಕಿಟಕಿಯಿಂದ ತೋರಿಸಿದೆ. ಅವಳು ನೋಡಿ, "ಆ ಮಳೆಗಾಲ ಬ್ರಾಂಚಿನವರು ಎಲೆ ಕಡಿಮೆ ಕೊಟ್ಟದ್ದು. ನಿನ್ನ ಫೀಸಿಗೆ ತಡವಾಯಿತು, ನೆನಪುಂಟಾ?" ಎಂದಳು. ನನಗೆ ನೆನಪಿರಲಿಲ್ಲ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಂದೇ ಕಟ್ಟಡ ಎರಡು ಬಗೆಯಾಗಿ ಕಾಣುವುದೆಂದರೆ ಏನೆಂದು ನಾನು ತಿಳಿದದ್ದು ಆ ಬಸ್ಸಿನಲ್ಲಿ.

ವುಲ್ಫ್ ತಮ್ಮ ವಾದವನ್ನು ವಿದ್ಯಾವಂತ ಗಂಡಸರ ಹೆಣ್ಣುಮಕ್ಕಳಿಗೆ ಸೀಮಿತಗೊಳಿಸುತ್ತಾರೆ. ನನ್ನ ಅಕ್ಕ ಆ ವರ್ಗಕ್ಕೆ ಸೇರಿದವಳಲ್ಲ. ಆದರೆ ಅವರ ಲೆಕ್ಕದ ಕ್ರಮ ಅವರು ಹಾಕಿದ ಬೇಲಿಯನ್ನು ದಾಟಿ ಬರುತ್ತದೆ. ಅದಕ್ಕೆ ನಮ್ಮ ಊರಿನ ಸಾಹಿತ್ಯವೇ ಸಾಕ್ಷಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರಿಗೆ ಮನೆಯ ಮಾತು ಮಲಯಾಳ, ಶಾಲೆಯ ಮಾತು ಕನ್ನಡ. ಶಾಲೆಯ ಮೆಟ್ಟಿಲು ಹತ್ತಿದ ಈ ಭಾಗದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರಾಗಿದ್ದ ಅವರಿಗೆ ಮುಂದೆ ಓದುವ ಆಸೆಯಿದ್ದರೂ ಕಾಲೇಜು ದಕ್ಕಲಿಲ್ಲ. ಗ್ರಂಥಾಲಯದ ಸದಸ್ಯತ್ವ ದೊರೆತದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ, 1963ರಲ್ಲಿ. ವುಲ್ಫ್ ಅವರ ನಿರೂಪಕಿಯನ್ನು ತಡೆದ ಬಾಗಿಲು ಕೇಂಬ್ರಿಜ್‌ನಲ್ಲಿ ಮಾತ್ರ ಇರಲಿಲ್ಲ.

1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ನಾವು ತಲಾಖಿನ ಕಥೆಯೆಂದು ಓದುತ್ತೇವೆ. ಅದು ಸರಿಯೇ. ಈಗ ಅದನ್ನು ಗುಮಾಸ್ತನ ಕಣ್ಣಿನಿಂದ ಇನ್ನೊಮ್ಮೆ ಓದಿದೆ. ನಾದಿರಾಳಿಗೆ ಎರಡು ಮನೆ: ಅಪ್ಪನದೊಂದು, ಗಂಡನದೊಂದು. ಅವಳದ್ದೆನ್ನುವ ಮನೆ ಇಲ್ಲ, ಆದಾಯವಿಲ್ಲ. ಅಪ್ಪನ ಹಟದಿಂದ ತಲಾಖ್ ಆಗುತ್ತದೆ. ಪ್ರೀತಿಸಿದ ಗಂಡನನ್ನು ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನ ಕೈಹಿಡಿದು ಒಂದು ರಾತ್ರಿ ಕಳೆಯಬೇಕು ಎನ್ನುತ್ತಾರೆ. ಅವಳಿಗೆ ಉಳಿಯುವ ಜಾಗ ಮಸೀದಿಯ ಕೆರೆ. ಕಟ್ಟಳೆ ಅವಳನ್ನು ಕೊಂದಿತೆಂಬುದು ನಿಜ. ಆ ಕಟ್ಟಳೆಗೆ ಬೆನ್ನು ತಿರುಗಿಸಿ ಹೋಗಿ ನಿಲ್ಲಲು ಮೂರನೆಯ ಜಾಗ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಮೂರನೆಯ ಜಾಗವನ್ನೇ ವುಲ್ಫ್ ಹಣ ಮತ್ತು ಕೋಣೆ ಎಂದದ್ದು. ಸಾರಾ ಅವರೂ 1994ರಲ್ಲಿ ಚಂದ್ರಗಿರಿ ಪ್ರಕಾಶನವೆಂಬ ತಮ್ಮದೇ ಸಂಸ್ಥೆ ಕಟ್ಟಿದರು. ತಮ್ಮ ಪುಸ್ತಕದ ಕೀಲಿಕೈ ತಮ್ಮ ಸೆರಗಿನಲ್ಲೇ ಇರಬೇಕೆಂಬ ವಿಷಯದಲ್ಲಿ ಹೋಗಾರ್ತ್ ಪ್ರೆಸ್ಸಿನವರಿಗೂ ಇವರಿಗೂ ಭೇದವಿಲ್ಲ.

'ತ್ರೀ ಗಿನೀಸ್'ನಲ್ಲಿ ಕಾಲೇಜಿಗೆ ಗಿನಿ ಕೊಡುವ ಮೊದಲು ವುಲ್ಫ್ ಬಹಳ ತಡವರಿಸುತ್ತಾರೆ. ಗಂಡಸರು ಕಲಿತ ವಿದ್ಯೆ ಯುದ್ಧವನ್ನು ತಡೆಯಲಿಲ್ಲ, ಅದನ್ನೇ ಹೆಣ್ಣುಮಕ್ಕಳೂ ಯಾಕೆ ಕಲಿಯಬೇಕು? ಬಡತನದಲ್ಲೇ ನಡೆಯುವ, ಪೈಪೋಟಿಯಿಲ್ಲದ ಹೊಸ ಕಾಲೇಜು ಕಟ್ಟಿರಿ ಎನ್ನುತ್ತಾರೆ. ಸಿಟ್ಟಿನಲ್ಲಿ ಹಳೆಯ ಕಾಲೇಜಿಗೆ ಬೆಂಕಿ ಹಚ್ಚಲು ಈ ಗಿನಿಯಿಂದ ಪೆಟ್ರೋಲು ಕೊಳ್ಳಿರಿ ಎಂದೂ ಯೋಚಿಸುತ್ತಾರೆ. ಕೊನೆಗೆ, ಪದವಿಯಿಲ್ಲದೆ ಕೆಲಸ ಸಿಗದು, ಕೆಲಸವಿಲ್ಲದೆ ಸ್ವತಂತ್ರ ಅಭಿಪ್ರಾಯವಿರದು ಎಂದು ಕಂಡು ಗಿನಿಯನ್ನು ಕೊಟ್ಟುಬಿಡುತ್ತಾರೆ. ಆದರ್ಶಕ್ಕಿಂತ ಹುಡುಗಿಯ ನಾಳಿನ ಅನ್ನ ದೊಡ್ಡದೆಂದು ಒಪ್ಪಿಕೊಂಡ ಈ ಪ್ರಾಮಾಣಿಕತೆಯೇ ನನಗೆ ಪುಸ್ತಕದ ಅತ್ಯುತ್ತಮ ಭಾಗವೆನಿಸಿತು.

ನಮ್ಮಲ್ಲಿ 1974ರಲ್ಲಿ 'ಸಮಾನತೆಯ ಕಡೆಗೆ' ವರದಿ ಬಂತು. 1986ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ ಮಹಿಳಾ ಅಧ್ಯಯನ ಕೇಂದ್ರಗಳಿಗೆ ನೆರವು ನೀಡತೊಡಗಿತು. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆಂದು ಅದೇ ಆಯೋಗ ಸಾವಿತ್ರಿಬಾಯಿ ಫುಲೆಯವರ ಹೆಸರಿನಲ್ಲಿ ಫೆಲೋಶಿಪ್ ತಂದಿದೆ. ಮಗಳು ಮುಂದಿನ ಓದಿನ ಯೋಚನೆಯಲ್ಲಿ ಅದರ ನಿಯಮಗಳನ್ನು ಓದಿ ನಕ್ಕಳು. "ಅಪ್ಪಾ, ಇದು ಒಬ್ಬಳೇ ಮಗಳಾದವರಿಗೆ ಮಾತ್ರ. ನನಗೆ ತಮ್ಮ ಇದ್ದಾನಲ್ಲ." ಸಣ್ಣ ಸಂಸಾರವನ್ನು ಪ್ರೋತ್ಸಾಹಿಸುವುದು ಅದರ ಹಿಂದಿನ ಆಶಯವಿರಬಹುದು. ಆದರೆ ಆರ್ಥರನ ನಿಧಿಗೆ ಜಮೆಯಾಗುವುದು ತಮ್ಮನೋ ಅಣ್ಣನೋ ಇರುವ ಹುಡುಗಿಯ ಪಾಲಲ್ಲವೇ? ನೆರವು ಹೆಚ್ಚು ಬೇಕಾದವಳೇ ನಿಯಮದ ಹೊರಗೆ ನಿಂತಿದ್ದಾಳೆ. ಇದನ್ನು ವುಲ್ಫ್ ಕಂಡಿದ್ದರೆ ನಾಲ್ಕನೆಯ ಪತ್ರ ಬರೆಯುತ್ತಿದ್ದರೇನೋ.

ಸರಕಾರದ ಮಾತು ಸರಕಾರಕ್ಕಿರಲಿ. ಗಡಿನಾಡಿನ ಕನ್ನಡಿಗರಾದ ನಾವು ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚು ಅಂಕ ಪಡೆದ ಹುಡುಗಿಯರಿಗೆ ಶಾಲು ಹೊದೆಸಿ ಫಲಕ ಕೊಡುತ್ತೇವೆ. ಆ ಮೇಲೆ ಅವರು ಎಲ್ಲಿ ಹೋದರೆಂದು ಕೇಳುವುದಿಲ್ಲ. ಹತ್ತಿರದ ಕನ್ನಡ ಶಾಲೆ ಹೆಣ್ಣುಮಗಳಿಗೆ ಸಾಕು, ದೂರದ ಇಂಗ್ಲಿಷ್ ಶಾಲೆ ಮಗನಿಗೆ ಬೇಕು ಎನ್ನುವ ಮನೆಗಳನ್ನೂ ನಾನು ಬಲ್ಲೆ. ಇಲ್ಲಿ ಕನ್ನಡವನ್ನು ಉಳಿಸಿದವರು ಹೆಂಗಸರೆಂದು ವೇದಿಕೆಯಿಂದ ಹೊಗಳುವಾಗ, ಆ ಉಳಿಕೆಯಲ್ಲಿ ಎಷ್ಟು ಅವರು ಬಯಸಿದ್ದು, ಎಷ್ಟು ನಾವು ಅವರ ಪಾಲಿಗೆ ಬಿಟ್ಟದ್ದು ಎಂದು ಕೇಳಿಕೊಳ್ಳಬೇಕು. ಫಲಕಗಳ ಖರ್ಚನ್ನು ಒಟ್ಟುಗೂಡಿಸಿದರೆ ಒಬ್ಬ ಹುಡುಗಿಯ ಒಂದು ವರ್ಷದ ಬಸ್ಸಿನ ಖರ್ಚಾದರೂ ಹುಟ್ಟೀತು.

ಈ ಲೇಖನವನ್ನು ಅಕ್ಕನಿಗೆ ಓದಿಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪುಸ್ತಕ ಕನ್ನಡದಲ್ಲಿ ಸಿಗುತ್ತದಾ?" ಎಂದು ಕೇಳಿದಳು. ಮಗಳು ಸಂಜೆಗೊಂದು ಪುಟದಂತೆ ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದಾಳೆ. ಹುಲ್ಲುಹಾಸಿನ ಪ್ರಸಂಗ ಈಗಷ್ಟೇ ಮುಗಿದಿದೆ.