ಗಾಜಿನ ಕಪಾಟಿನ ಜೋಕುಮಾರ

ಜನಪದರ ದೇವರ ಗೊಂಬೆಗಳನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವವರನ್ನು ನಾವು ಸಂರಕ್ಷಕರೆಂದೇ ಕರೆಯುತ್ತ ಬಂದಿದ್ದೇವೆ. ಹಳ್ಳಿಯಲ್ಲಿ ಮರೆಯಾಗುತ್ತಿರುವುದು ಪಟ್ಟಣದ ಗಾಜಿನ ಕಪಾಟಿನಲ್ಲಾದರೂ ಉಳಿಯಲಿ ಎಂಬುದು ಆ ಮೆಚ್ಚುಗೆಯ ಹಿಂದಿನ ವಾದ. ಇಂಥ ಗೊಂಬೆಗಳನ್ನು ಆಸೆಪಟ್ಟು ಕೊಳ್ಳುವವರಲ್ಲಿ ನಾನೂ ಒಬ್ಬ. ಆದರೂ ಆ ವಾದ ನನಗೆ ಒಪ್ಪಿಗೆಯಿಲ್ಲ. ವಸ್ತು ಉಳಿದರೆ ಕಲೆ ಉಳಿಯಿತು ಎಂದು ಅದು ಪರೀಕ್ಷಿಸದೆಯೇ ನಂಬಿಬಿಟ್ಟಿದೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಬಾಳೆಹೊಸೂರಿನ ಸೀಮೆಯಲ್ಲಿ ಮಣ್ಣಿಗೇ ಒಂದು ಪಂಚಾಂಗವಿದೆ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು ಮತ್ತು ಗೋದಲಿ. ಆಷಾಢದ ಮಂಗಳವಾರಗಳಿಗೆ ಗುಲಗಂಜಿ, ಕುಸುಬಿ ಕಾಳು ಮೆತ್ತಿಸಿಕೊಂಡ ಗುಳ್ಳವ್ವ. ಭಾದ್ರಪದಕ್ಕೆ ಜೋಕುಮಾರ. ಇವು ಯಾವುವೂ ಸುಟ್ಟ ಮಣ್ಣಿನವಲ್ಲ. ಹಸಿ ಮಣ್ಣಿನಲ್ಲಿ ಹುಟ್ಟಿ, ಪೂಜೆಗೊಂಡು, ಮಣ್ಣಿಗೇ ಹಿಂದಿರುಗುವ ರೂಪಗಳು. ಜೋಕುಮಾರನಂತೂ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು, ಹೆಂಗಸರ ತಲೆಯ ಮೇಲೆ ಮನೆಮನೆ ತಿರುಗುತ್ತಾನೆ. ಹಾಡು ಕೇಳಿದವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಹುಣ್ಣಿಮೆಗೆ ಅವನ ಸಾವು. ಗಣಪ ಕಡುಬು ಉಂಡು ಹೋಗಿ ಎಲ್ಲರೂ ಸುಖವಾಗಿದ್ದಾರೆಂದು ವರದಿ ಒಪ್ಪಿಸಿದರೆ, ಮಂದಿಯ ಕಷ್ಟವನ್ನು ಶಿವನಿಗೆ ಮುಟ್ಟಿಸಿ ಮಳೆ ತರಿಸುವವನು ಇವನು. ಸಾಯದೆ ಅಲ್ಲಿಗೆ ಹೋಗುವುದು ಹೇಗೆ? ವಾರ್ನಿಶ್ ಬಳಿಸಿಕೊಂಡು ಕಪಾಟು ಸೇರಿದ ಜೋಕುಮಾರ ಕತೆಯ ಕೊನೆಯ ಅಂಕವನ್ನು ಕಳೆದುಕೊಂಡವನು. (ಬಂದ ನೆಂಟರ ಮುಂದೆ ಅವನನ್ನು ಯಾವ ಕಡೆ ತಿರುಗಿಸಿ ಇಡುವುದು ಎಂಬ ಪೇಚು ಬೇರೆ.)

ಇದಕ್ಕೆ ಎದುರು ಹಾಕಬಹುದಾದ ಅತ್ಯಂತ ಗಟ್ಟಿ ಸಾಕ್ಷಿ ಪೋರ್ಚುಗಲ್ಲಿನದು. ಅಲ್ಲಿನ ಎಸ್ತ್ರೆಮೋಸ್ ಪಟ್ಟಣದ ಬಣ್ಣದ ಮಣ್ಣಿನ ಗೊಂಬೆ, ಸಂತರ ಮೂರ್ತಿಗಳ ಕಸುಬು ಕಳೆದ ಶತಮಾನದ ಆರಂಭದ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1930ರ ದಶಕದಲ್ಲಿ ಶಿಲ್ಪಿ ಸಾ ಲೆಮೋಸ್, ಕೆಲಸ ಬಲ್ಲ ಅನಾ ದಾಸ್ ಪೆಲೆಸ್ ಎಂಬ ಮುದುಕಿಯನ್ನು ಹುಡುಕಿ ಅದಕ್ಕೆ ಮರುಜೀವ ಕೊಟ್ಟ. 2017ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಬಾರ್ಸೆಲೋಸ್ ಸೀಮೆಯ ರೋಸಾ ರಮಾಲ್ಯೊ (1888-1977) ಕ್ರಿಸ್ತನನ್ನೂ ವಿಕಾರ ಪ್ರಾಣಿಗಳನ್ನೂ ಒಂದೇ ಕೈಯಲ್ಲಿ ಮಾಡಿದವಳು. ಅವಳ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಮುಪ್ಪಿನಲ್ಲಿ, ಕಲಾವಿದರೂ ಸಂಗ್ರಾಹಕರೂ ಅವಳ ಬಾಗಿಲಿಗೆ ಬಂದ ಮೇಲೆ. ಸಂಗ್ರಹ ಕಲೆಯನ್ನು ಕೊಲ್ಲುತ್ತದೆ ಎನ್ನುವ ಶುದ್ಧವಾದಿಗಳ ಬಳಿ ಇದಕ್ಕೆ ಉತ್ತರವಿಲ್ಲ.

ಆದರೆ ಆ ಗೊಂಬೆಗಳು ಆವಿಗೆಯಲ್ಲಿ ಸುಟ್ಟು ಬಣ್ಣ ಹಾಕಿದವು, ಇಟ್ಟುಕೊಳ್ಳಲೆಂದೇ ಮಾಡಿದವು. ಕ್ರಿಸ್‌ಮಸ್ ಗೋದಲಿಯ ಬೊಂಬೆಗಳನ್ನು ಹಬ್ಬಕ್ಕೆ ಹೊರತೆಗೆದು, ಮುಗಿದ ಮೇಲೆ ಎತ್ತಿಡುವುದು ಅಲ್ಲಿಯ ಮನೆಗಳ ರೂಢಿ. ಅಂಥ ಕಡೆಯೂ ಕಪಾಟು ಏನನ್ನೋ ಕಸಿಯುತ್ತದೆ. ಗಂಡು ಸಿಗದ ಹುಡುಗಿಯರು ಸಂತ ಅಂತೋನಿಯ ಮೂರ್ತಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿ ಶಿಕ್ಷಿಸುತ್ತಿದ್ದರು. ಸಂಗ್ರಾಹಕನ ಮನೆಯಲ್ಲಿ ಸಂತನಿಗೆ ಆ ಭಯವೂ ಇಲ್ಲ, ಆ ಸಲಿಗೆಯೂ ಇಲ್ಲ.

ಪೋರ್ಚುಗಲ್ಲಿನ ಮಾದರಿಗೆ ನಮ್ಮಲ್ಲಿ ಹೊಂದುವುದು ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳ. ಚಿತ್ರಗಾರರ ಗೌರಿ, ಗರುಡ ಹಗುರ ಮರದವು. ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟಿನ ಲೇಪ ಕೊಟ್ಟು, ಮೇಲೆ ಬಣ್ಣ ಹಾಕಿದವು. ಬಾಳಲೆಂದೇ ಮಾಡಿದವು. ಇವನ್ನು ಕೊಳ್ಳಿ, ಇನ್ನೂ ಹೆಚ್ಚು ಕೊಳ್ಳಿ ಎಂದೇ ನಾನು ಹೇಳುತ್ತೇನೆ. ರೋಸಾಗೆ ಸಿಕ್ಕ ಹೆಸರು ನಮ್ಮ ಚಿತ್ರಗಾರನಿಗೆ ಯಾಕೆ ಸಿಗುವುದಿಲ್ಲ? ಊರಿನ ಹೆಸರು ಹೇಳಿ ಮಾರುತ್ತೇವೆ, ಮಾಡಿದವನ ಹೆಸರು ಕೇಳುವುದಿಲ್ಲ. ಜಿಐ ಗುರುತು ಸಿಕ್ಕಿದ್ದೂ ಊರಿಗೇ. ಇನ್ನು ಮಣ್ಣೆತ್ತು ಬೇಕಾದವರು ವರ್ಷವರ್ಷ ಕುಂಬಾರರ ಮನೆಗೆ ಹೋಗಬೇಕು. ಒಂದೇ ಸಲ ಕೊಂಡು ಜೋಪಾನ ಮಾಡಿದವನಿಂದ ಕುಂಬಾರನಿಗೆ ಬರುವ ವರ್ಷದ ಗಿರಾಕಿ ಒಬ್ಬ ಕಡಿಮೆಯಾದ, ಅಷ್ಟೇ.

ನನ್ನ ನಿಜವಾದ ಜಗಳ ಇರುವುದು ಹಳತಿನ ಮೋಹದ ಜೊತೆ. ಬಣ್ಣ ಉದುರಿ, ಮೂಗು ಮಾಸಿದ ಮೂರ್ತಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಹೊಸ ಬಣ್ಣ ಬಿದ್ದರೆ ‘ಹಾಳಾಯಿತು’ ಎನ್ನುತ್ತಾರೆ. ನಮ್ಮ ಕಡೆ ಜಾತ್ರೆಗೆ ಮೊದಲು ದ್ಯಾಮವ್ವನ ಮರದ ಮೂರ್ತಿಗೆ ಬಣ್ಣ ಆಗಲೇಬೇಕು. ಬಣ್ಣ ಕಾಣದ ದೇವಿ ಎಂದರೆ ಊರು ಕೈಬಿಟ್ಟ ದೇವಿ. ನಾವು ಕಾಲದ ಛಾಯೆ ಎಂದು ಕೊಂಡಾಡುವುದು ಭಕ್ತರ ಕಣ್ಣಿಗೆ ಅಲಕ್ಷ್ಯದ ಗುರುತು. ಚಿತ್ರಗಾರನ ಕಸುಬಿನಲ್ಲಿ ಹೊಸದನ್ನು ಮಾಡುವಷ್ಟೇ ಹಳೆಯದಕ್ಕೆ ಮತ್ತೆ ಬಣ್ಣ ಕೊಡುವುದೂ ಸೇರಿದೆ. ಹಳೆಯ ಗೌರಿಯನ್ನು ಕೊಂಡವರು ಅದನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಕಿನ್ನಾಳಕ್ಕೆ ಒಯ್ದು ಬಣ್ಣ ಹಾಕಿಸಲಿ. ಮಾರುವಾಗ ಬೆಲೆ ಇಳಿದರೆ ಇಳಿಯಲಿ.